ಮನೆ ನೋಡಿ ಬಂದ ಪಿಎಚ್.ಡಿ.

ಔರಾದಿನ ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮುಂಚೆ ಹಿರಿಯರು ಹೋಗಿ ಗಂಡಿನ ಮನೆ ನೋಡಿ ಬರುತ್ತಾರೆ. ಹುಡುಗಿಯನ್ನು ಕರೆದೊಯ್ಯುವುದಿಲ್ಲ. ನನ್ನ ಪಿಎಚ್.ಡಿ.ಯನ್ನೂ ಹೀಗೇ ಗೊತ್ತು ಮಾಡಿದರು.

ನಾನು ಭಾಲ್ಕಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೇಸಿಗೆ ರಜೆ ಬಂದರೆ ಕೆಲಸ ಹೋಗುತ್ತದೆ, ಕಾಲೇಜು ತೆರೆದರೆ ಮತ್ತೆ ಕೈಮುಗಿದು ನಿಲ್ಲಬೇಕು. ಎಂಥ ಅತಿಥಿಯೋ! ಕಾಯಂ ಹುದ್ದೆಗೆ ಅರ್ಜಿ ಹಾಕಲು ನನಗೆ ಪಿಎಚ್.ಡಿ. ಬೇಕಿತ್ತು. ರಾಜ್ಯದ ಗಡಿಯಾಚೆ ಒಂದು ಖಾಸಗಿ ವಿಶ್ವವಿದ್ಯಾಲಯದ ಸೆಂಟರ್ ಇದೆ ಎಂದು ಅಪ್ಪನಿಗೆ ಯಾರೋ ಹೇಳಿದರು. ಅದನ್ನು ನೋಡಿ ಬರಲು ಅವರು ಹೊರಟಾಗ ನಾನೂ ಬರುತ್ತೇನೆ ಎಂದೆ.

"ನಾವು ಹಿರ್ಯಾರು ಹೊಂಟೇವಲ್ಲ. ನೀ ಬಂದು ಏನ್ ನೋಡ್ತಿ?" ಎಂದು ಅಪ್ಪ ಟೋಪಿ ಹಾಕಿಕೊಂಡು ಕಾಕಾನೊಂದಿಗೆ ಬಸ್ಸು ಹತ್ತಿದರು.

ಹೋದವರು ಎಲ್ಲ ವಿಚಾರಿಸಿದರು. ಕಟ್ಟಡ ಸ್ವಂತದ್ದೋ ಬಾಡಿಗೆಯದೋ ಎಂದು ಎದುರಿನ ಚಹದ ಅಂಗಡಿಯಲ್ಲಿ ಕೇಳಿದರು. ಸೆಂಟರಿನ ಸಾಹೇಬರ ಬಳಗ ಯಾವುದೆಂದು ಕೇಳಿದರು.

"ಛಲೋ ಮಂದಿ ಅದಾರವ್ವ," ಎಂದರು ಅಪ್ಪ, ಬಂದವರೇ. "ಅವ್ರ ಅಜ್ಜನ ಊರು ನಮ್ಮ ಬಾಜೂಕಿನ ಚಿಂತಾಕೀನೇ ಅಂತ. ಮನೀಗಿ ಕರ್ಕೊಂಡು ಹೋಗಿ ಹೋಳಿಗಿ ಮ್ಯಾಲ ತುಪ್ಪ ಸುರುವಿ ಉಣಿಸಿದ್ರು."

ಅಲ್ಲಿಗೆ ಮುಗಿಯಿತು, ನಾನು ಸೇರಿದೆ. ಬೀದರಿನ ಹತ್ತಿರ ಕೊಳಾರದ ಕೈಗಾರಿಕಾ ಪ್ರದೇಶದ ಗೋದಾಮುಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ ನನ್ನ ಪ್ರಬಂಧ. ಸಂಜೆ ಗೇಟಿನ ಬಳಿ ಕಾದು, ಅವರದೇ ಆಟೋದಲ್ಲಿ ಒತ್ತರಿಸಿಕೊಂಡು ಅವರ ಊರು ಕಮಠಾಣದವರೆಗೂ ಹೋಗುತ್ತಿದ್ದೆ.

"ಇದನ್ನ ಬರದ್ರ ನಮಗೇನ್ ಸಿಗ್ತದ?" ಎಂದಳು ಒಬ್ಬಳು.

"ನನಗ ನೌಕರಿ ಸಿಗ್ತದ್ರಿ."

"ನಿನಗಾರ ಸಿಗ್ಲಿ, ಬರಿ," ಎಂದು ನಕ್ಕಳು.

ಬರೆದೆ. ಗೈಡ್ ಒಂದು ಸಾಲನ್ನೂ ತಿದ್ದಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೇನೆ ಎಂದುಕೊಂಡೆ, ನನ್ನ ಬುದ್ಧಿಗೆ ಮಣ್ಣು ಹಾಕ! ಪದವಿ ಬಂದಾಗ ಓಣಿಯವರೆಲ್ಲ ಸೇರಿ ಶಾಲು ಹೊದಿಸಿದರು.

ಹುದ್ದೆಗೆ ಅರ್ಜಿ ಹಾಕಿದ ಮೇಲೆ ದಾಖಲೆ ಪರಿಶೀಲನೆಗೆ ಬೀದರಿಗೆ ಕರೆದರು. ಅಧಿಕಾರಿ ನನ್ನ ಪ್ರಬಂಧವನ್ನು ತೆರೆಯಲೂ ಇಲ್ಲ.

"ಮೇಡಂ, ಈ ವಿಶ್ವವಿದ್ಯಾಲಯಕ್ಕ ಮಾನ್ಯತೇನೇ ಇಲ್ರಿ. ಸೇರೋಕಿಂತ ಮೊದಲ ಯಾರೂ ಕೇಳಲಿಲ್ಲೇನ್ರಿ?"

ಮನೆಗೆ ಬಂದಾಗ ಅಪ್ಪ ಊಟಕ್ಕೆ ಕೂತಿದ್ದರು. ನಡೆದದ್ದನ್ನು ಹೇಳಿದೆ.

"ಮಾನ್ಯತಿ ಅದ ಏನು ಅಂತ ಅವತ್ತ ಕೇಳಲಿಲ್ಲೇನಪ್ಪಾ?"

"ಕೇಳಬೇಕಂತ ಬಾಯಿತನಕ ಬಂದಿತ್ತವ್ವ," ಎಂದರು. "ಉಂಡ ಮನ್ಯಾಗ ಕುಂತು ಹಾಂಗ ಹ್ಯಾಂಗ ಕೇಳಾದು?"

ಹಿರಿಯರೆಂದು ನಾಲಗೆ ಕಚ್ಚಿ ಹಿಡಿಯುವ ಹೊತ್ತು ಅದಲ್ಲ.

"ನನಗ ಕರ್ಕೊಂಡು ಹೋಗಿದ್ರ ನಾ ಉಪಾಸ ಇದ್ದು ಕೇಳ್ತಿದ್ದೆ," ಎಂದೆ.

ಅಪ್ಪ ತಟ್ಟೆಯಲ್ಲೇ ಕೈ ತೊಳೆದರು. ಜೂನಿನಲ್ಲಿ ಭಾಲ್ಕಿಗೆ ಹೋಗಿ ಮತ್ತೆ ಕೈಮುಗಿದು ನಿಂತೆ.