ಕನ್ನಡಿ ಮನೆಯ ನಗೆಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಾರ್ಕಿನ ಹಿಂಬಾಗಿಲ ಬೀಗ ತೆಗೆದು ಬಂದ ಹೆಂಗಸು ಕನ್ನಡಿ ಮನೆಯ ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತಾರೆ. ಕಾಲಿಗೆ ಅಂಟಿದ ಮರಳು ಒಳಗೆ ಹೋದರೆ ಒರೆಸುವ ಬಟ್ಟೆಗೆ ಸೇರಿಕೊಂಡು ಗಾಜನ್ನು ಗೀರುತ್ತದೆ. ಬರಿಗಾಲಲ್ಲಿ ಹಲಗೆಗಳ ಮೇಲೆ ನಡೆದು, ಬಕೆಟ್ ಕೆಳಗಿಟ್ಟು, ಹಳೆಯ ಮೆತ್ತನೆಯ ಬಟ್ಟೆ ಹಿಂಡಿ, ಮೊದಲ ಕನ್ನಡಿಯ ಮುಂದೆ ನಿಲ್ಲುತ್ತಾರೆ.

ಆ ಕನ್ನಡಿಯಲ್ಲಿ ಅವರ ಕುತ್ತಿಗೆ ಮೊಳದುದ್ದ. ಪಕ್ಕದ್ದರಲ್ಲಿ ಅವರು ಪೀಪಾಯಿ. ಅದರಾಚೆಯದರಲ್ಲಿ ತಲೆ ಕೆಳಗೆ, ಕಾಲು ಮೇಲೆ. ಅವರಿಗೆ ಇದ್ಯಾವುದೂ ಕಾಣಿಸುವುದೇ ಇಲ್ಲ. ಕಣ್ಣೆಲ್ಲ ಗಾಜಿನ ಅಂಚಿನ ಮೇಲೆ. ಇಬ್ಬನಿಯನ್ನು ಬಿಸಿಲೇರುವ ಮೊದಲೇ ಒರೆಸದಿದ್ದರೆ ತೇವ ಚೌಕಟ್ಟಿನ ಸಂದಿಗೆ ಇಳಿದು ಗಾಜಿನ ಹಿಂದೆ ಬಳಿದ ಹೊಳೆಯುವ ರಸವನ್ನು ತಿಂದುಹಾಕುತ್ತದೆ.

"ರಸ ಹೋಯ್ತು ಅಂದ್ರೆ ಮುಗೀತು, ಆಮೇಲೆ ಅದು ಕಿಟಕಿ ಗಾಜು ಅಷ್ಟೇ," ಎನ್ನುತ್ತಾರೆ, ಅವರ ಕತೆ ಕೇಳಲು ಬಂದ ನಮಗೆ. "ಮುಂಚೆ ರಸ ಹಚ್ಚಿ ಕೊಡೋ ತಾತ ಒಬ್ರಿದ್ರು. ಅವರ ಅಂಗಡಿ ಮುಚ್ಚಿತು. ಆಮೇಲೆ ಅವರೂ ಹೋದ್ರು."

ಒರೆಸುವುದು ಈ ಅಕ್ಕನ ಅರ್ಧ ಕೆಲಸ. ಉಳಿದರ್ಧ ಕೆಲಸ ಏನು ಎಂದರೆ ನೀವು ನಂಬಲಿಕ್ಕಿಲ್ಲ. ನಗುವುದು.

ಕನ್ನಡಿ ಮನೆಯ ಕೊನೆಯಲ್ಲಿ ಒಂದು ಕಪ್ಪು ಪರದೆ, ಅದರ ಹಿಂದೊಂದು ಸ್ಟೂಲು. ಅಲ್ಲಿ ಕೂತು, ಹೊರಗಿನ ದಾರಿಗೆ ಕೇಳಿಸುವಂತೆ ಬಾಯ್ತುಂಬ ನಗಬೇಕು. ಒಳಗೆ ಯಾರೋ ಬಿದ್ದು ಬಿದ್ದು ನಗುತ್ತಿದ್ದಾರಲ್ಲ, ಏನಿರಬಹುದು ಎಂದು ದಾರಿಹೋಕರು ನಿಲ್ಲಬೇಕು, ಟಿಕೆಟ್ ಕೊಳ್ಳಬೇಕು. ಒಳಗೆ ಬಂದವರು ಕನ್ನಡಿ ನೋಡಿ ನಕ್ಕರೆ ಸರಿ, ನಗದಿದ್ದರೆ ಈ ನಗು ಅವರಿಗೂ ಅಂಟಬೇಕು. ಪಾರ್ಕು ಕಟ್ಟಿದ ದೊಡ್ಡ ಧಣಿಯ ತಲೆಗೆ ಹೊಳೆದ ಉಪಾಯ ಇದು. ಅಲ್ಲಿಂದ ಇಲ್ಲಿಯವರೆಗೆ ಕಪ್ಪು ಪರದೆಯ ಹಿಂದೆ ಕೂತವರು ಇವರೊಬ್ಬರೇ. ಪಾರ್ಕಿನವರಿಗೆಲ್ಲ ಇವರು ನಗೆಯಕ್ಕ.

ಕೆಲಸ ಸಿಕ್ಕಿದ ಬಗೆಯೂ ತಮಾಷೆಯದೇ. ಮದುವೆಯಾದ ಹೊಸತು. ಗಂಡ ಇದೇ ಪಾರ್ಕಿನ ಪುಟ್ಟ ರೈಲಿನ ಡ್ರೈವರ್. ಹೆಂಡತಿಗೆ ಪಾರ್ಕು ತೋರಿಸಲು ಕರೆತಂದ ಆ ಮಹಾಶಯ, ಜಂಬದಿಂದ ಮುಂದೆ ಮುಂದೆ ನಡೆದು, ದಾರಿ ಎಂದುಕೊಂಡು ಕನ್ನಡಿಗೇ ಹಣೆ ಗುದ್ದಿಕೊಂಡ. ಹೆಂಡತಿ ನಕ್ಕ ನಗು ದೋಣಿಕೊಳದ ಆಚೆ ದಡದಲ್ಲಿದ್ದ ಧಣಿಯ ಕಿವಿಗೆ ಬಿತ್ತು. ಮರುವಾರವೇ ಪರದೆಯ ಹಿಂದೆ ಸ್ಟೂಲು ಹಾಕಿಸಿದರು.

"ಮೊದಮೊದಲು ಗಂಟಲಿಂದ ನಗ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ದನಿ ಕಟ್ಟಿ ಹೋಗೋದು. ಧಣಿಗಳೇ ಹೇಳ್ಕೊಟ್ರು, ಒಳಗಿರೋ ಉಸಿರನ್ನೆಲ್ಲ ಮೊದಲು ಹೊರಗೆ ಬಿಡು, ಆಮೇಲೆ ಖಾಲಿ ಹೊಟ್ಟೆಯಿಂದ ನಗು ಅಂತ. ಹಾಗೆ ಮಾಡಿದ್ರೆ ಇಡೀ ದಿನ ನಗಬಹುದು. ಮನಸ್ಸಿನಲ್ಲಿ ಏನಿದ್ರೂ ಬರುತ್ತೆ."

ಕಸುಬಿನ ಗುಟ್ಟುಗಳು ಇನ್ನೂ ಇವೆ. ದಪ್ಪಗಿರುವವರು ಪೀಪಾಯಿ ಕನ್ನಡಿಯ ಮುಂದೆ ನಿಂತಾಗ ಪರದೆಯ ಹಿಂದಿನವರು ಪಿಟಕ್ ಎನ್ನಬಾರದು. ತಮಗೇ ನಕ್ಕರು ಎಂದು ಅವರು ನೊಂದುಕೊಳ್ಳುತ್ತಾರೆ. ಹೊಸ ಜೋಡಿ ಬಂದರೆ ಮೆಲ್ಲಗೆ ಶುರು ಮಾಡಬೇಕು. ಜಗಳವಾಡಿಕೊಂಡೇ ಒಳಗೆ ಬರುವ ಸಂಸಾರಗಳಿಗೆ ಮಾತ್ರ ಒಮ್ಮೆಲೇ ಜೋರಾಗಿ. "ಎಷ್ಟೋ ಜನ ಒಳಗೆ ಬರುವಾಗ ಮುಖ ಊದಿಸ್ಕೊಂಡಿರೋರು, ಹೋಗುವಾಗ ಕೈ ಕೈ ಹಿಡ್ಕೊಂಡು ಹೋಗೋರು," ಎನ್ನುವಾಗ ನಗೆಯಕ್ಕನ ಮುಖದಲ್ಲಿ ನಿಜವಾದ ನಗು ಕಾಣುತ್ತದೆ. ಅದು ತುಟಿಯಂಚಿನ ಸಣ್ಣ ನಗು, ಸದ್ದೇ ಇಲ್ಲ.

ರಜಾದಿನಗಳಲ್ಲಿ ಇಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗೇಟಿನೆದುರಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವ ಅಂಗಡಿ, ಪಕ್ಕದಲ್ಲಿ ಬೇಕಾದ ಹಾಡುಗಳನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಡುವವರು, ಆಚೆಗೆ ರಟ್ಟಿನ ಚಂದ್ರನ ಮೇಲೆ ಕೂರಿಸಿ ಫೋಟೋ ತೆಗೆಯುವ ಸ್ಟುಡಿಯೊ. ಒಳಗೆ ಬಲೂನಿಗೆ ಗುರಿಯಿಡುವ ಬಂದೂಕು, ಬಳೆ ಎಸೆದು ಸೋಪಿನ ಡಬ್ಬಿ ಗೆಲ್ಲುವ ಆಟ. ಈಗ ಸೈಕಲ್ ಅಂಗಡಿಯಲ್ಲಿ ಮೊಬೈಲ್ ಕವರು ಮಾರುತ್ತಾರೆ. ಸ್ಟುಡಿಯೊದ ಶಟರ್ ಎಳೆದು ಬಹಳ ಕಾಲವಾಯಿತು. ಪುಟ್ಟ ರೈಲಿನ ಹಳಿಗಳನ್ನು ಕಿತ್ತು ಮಾರಿದ್ದಾರೆ, ದೋಣಿಗಳು ಒಣಗಿದ ಕೊಳದಲ್ಲಿ ಬೋರಲು ಬಿದ್ದಿವೆ. ತೊಟ್ಟಿಲುಗಳ ದೊಡ್ಡ ರಾಟೆ ನಿಂತಲ್ಲೇ ತುಕ್ಕು ಹಿಡಿದಿದೆ. ಅದನ್ನು ತಿರುಗಿಸುತ್ತಿದ್ದ ರಾಟೆಯಣ್ಣನೇ ಈಗ ಟಿಕೆಟ್ ಕಿಟಕಿಯಲ್ಲಿ ನೊಣ ಹೊಡೆಯುತ್ತಾ ಕೂರುತ್ತಾರೆ.

ಆ ಕಾಲವೇ ಚೆಂದವಿತ್ತು ಎಂದು ನಿಟ್ಟುಸಿರು ಬಿಡುವುದರಲ್ಲಿ ನಾವ್ಯಾರೂ ಕಮ್ಮಿಯಿಲ್ಲ. ವಾರಕ್ಕೊಬ್ಬರಾದರೂ ಬಂದು ತುಕ್ಕು ರಾಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬಾಲ್ಯದ ಬಗ್ಗೆ ನಾಲ್ಕು ಸಾಲು ಬರೆದು ಫೋನಿಗೆ ಏರಿಸುತ್ತಾರೆ, ಟಿಕೆಟ್ ಕಿಟಕಿಯ ಕಡೆ ತಿರುಗಿಯೂ ನೋಡದೆ ಕಾರು ಹತ್ತುತ್ತಾರೆ. ಈ ಪಾರ್ಕನ್ನು ಕೊಂದವರನ್ನು ಹುಡುಕಿಕೊಂಡು ಯಾರೂ ದೂರ ಹೋಗಬೇಕಾಗಿಲ್ಲ.

"ನೋಡಿದೋರೆಲ್ಲ ಕೇಳ್ತಾರೆ, ಅಕ್ಕ, ನೀವು ಇನ್ನೂ ಇಲ್ಲೇ ಇದ್ದೀರಾ ಅಂತ," ಎನ್ನುತ್ತಾರೆ ನಗೆಯಕ್ಕ. "ನಾನು ಎಲ್ಲಿಗೆ ಹೋಗಲಿ? ಹೋದೋರು ಅವರು."

ಹಾಗೆ ಹೋದವರಲ್ಲಿ ಅವರ ಮಗಳೂ ಒಬ್ಬಳು. ಆ ವಿಷಯಕ್ಕೆ ಬಂದಾಗ ನಗೆಯಕ್ಕ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಹೊಸ್ತಿಲ ಮೇಲೆ ಕೂರುತ್ತಾರೆ.

ಅದು ವರ್ಷದಲ್ಲೇ ಅತಿ ಹೆಚ್ಚು ಜನ ಸೇರುವ ರಜೆಯ ದಿನ. ಗಂಡ ಎದೆನೋವೆಂದು ಹಿಂದಿನ ಸಂಜೆಯೇ ಆಸ್ಪತ್ರೆ ಸೇರಿದ್ದರು. ಗಾಬರಿಯೇನಿಲ್ಲ, ನಾಳೆಯೇ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರೂ ಹೇಳಿದ್ದರು. ಗಂಡನೂ, ಇವತ್ತು ನೀನು ಹೋಗದಿದ್ದರೆ ಧಣಿಗೆ ಕಷ್ಟವಾಗುತ್ತದೆ, ಹೋಗು ಎಂದು ಒತ್ತಾಯಿಸಿ ಕಳಿಸಿದರು. ಬೆಳಗಿನಿಂದ ಜನ ಸಾಲುಗಟ್ಟಿ ಬಂದರು. ನಗೆಯಕ್ಕ ಊಟಕ್ಕೂ ಏಳದೆ ನಕ್ಕರು. ಸಂಜೆ ರಾಟೆಯಣ್ಣ ಪರದೆ ಸರಿಸಿ, "ಅಕ್ಕ, ಮನೆಗೆ ನಡೀರಿ" ಎಂದರು.

ಮನೆಯ ಹಜಾರದಲ್ಲಿ ಗಂಡನನ್ನು ಮಲಗಿಸಿದ್ದರು. ತಲೆಯ ಹತ್ತಿರ ನಾದಿನಿ, ಕಾಲಿನ ಹತ್ತಿರ ಇನ್ನೂ ಲಂಗ ತೊಡುವ ವಯಸ್ಸಿನ ಮಗಳು. ಸುತ್ತ ಬಂಧುಗಳು. ನಗೆಯಕ್ಕ ಬಾಗಿಲಲ್ಲಿ ನಿಂತರು. ಎದೆಯೊಳಗಿನ ಉಸಿರೆಲ್ಲ ಒಮ್ಮೆಲೇ ಹೊರಗೆ ಹೋಯಿತು.

"ಆಮೇಲೆ ನನ್ನ ಬಾಯಿಂದ ಏನು ಬಂತು ಅಂತ ನಂಗೇ ಮೊದಲು ಗೊತ್ತಾಗಲಿಲ್ಲ. ನಾನು ಅಳ್ತಾ ಇದ್ದೀನಿ ಅಂತಲೇ ಅಂದ್ಕೊಂಡಿದ್ದೆ. ಕಣ್ಣಲ್ಲಿ ನೀರಿತ್ತು, ಸತ್ಯವಾಗಿ ಇತ್ತು. ಎಲ್ಲರೂ ತಿರುಗಿ ನೋಡಿದಾಗಲೇ ಕೇಳಿಸಿದ್ದು. ನಾನು ನಗ್ತಾ ಇದ್ದೆ. ಪಾರ್ಕಿನ ನಗು. ನಿಲ್ಲಿಸೋಕೆ ಹೋದಷ್ಟೂ ಜೋರಾಯ್ತು."

ನಾದಿನಿ ಎದ್ದು ಬಂದು ಕೆನ್ನೆಗೆ ಬಾರಿಸಿದರು. ನಗು ನಿಲ್ಲಲಿಲ್ಲ. ಯಾರೋ ಹೊರಗೆಳೆದುಕೊಂಡು ಹೋದರು. ಗಂಡನ ಮುಖವನ್ನು ಹತ್ತಿರದಿಂದ ನೋಡಲು ಅವರಿಗೆ ಮತ್ತೆ ಆಗಲೇ ಇಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ನಾದಿನಿ ಮಗುವನ್ನು ತಮ್ಮ ಮನೆಗೆ ಕರೆದುಕೊಂಡು ಹೋದರು. ಮಗಳೂ ಹಿಂತಿರುಗಿ ನೋಡದೆ ಹೋದಳು. ರಾಟೆಯಣ್ಣ ಆ ಮನೆಯವರೆಗೆ ಹೋಗಿ, ಅದು ಕಸುಬಿನಿಂದ ಆದದ್ದು ತಾಯಿ, ಕೆಟ್ಟ ಮನಸ್ಸಿನಿಂದಲ್ಲ ಎಂದು ಕೈ ಮುಗಿದು ಹೇಳಿ ನೋಡಿದರು. ನಾದಿನಿ ಬಾಗಿಲು ಹಾಕಿಕೊಂಡರು.

ಅಂದಿನಿಂದ ನಗೆಯಕ್ಕ ಅತ್ತಿಲ್ಲ. ಅಳು ಬರುವುದಿಲ್ಲವೆಂದಲ್ಲ, ಬಂದರೆ ಏನಾಗಿ ಬರುತ್ತದೋ ಎಂಬ ಹೆದರಿಕೆ. ಸ್ವಂತ ತಾಯಿ ತೀರಿಕೊಂಡಾಗಲೂ ತುಟಿಗೆ ಬಟ್ಟೆ ಒತ್ತಿಕೊಂಡು ಅಂಗಳದಲ್ಲೇ ನಿಂತಿದ್ದರು. ಕಲ್ಲು ಮನಸ್ಸಿನವಳು ಎಂದು ಅಲ್ಲಿಯೂ ಮಾತು ಬಂತು. ಹೀಗೆ ನಕ್ಕರೂ ತಪ್ಪು, ಅಳದಿದ್ದರೂ ತಪ್ಪು ಎಂಬಂಥ ಬದುಕನ್ನು ಹೊತ್ತುಕೊಂಡು ಈ ಹೆಂಗಸು ದಿನಾ ಊರನ್ನು ನಗಿಸಲು ಬರುತ್ತಿದ್ದಾರೆ.

ಅದೂ ಇನ್ನು ಕೆಲವೇ ದಿನ. ದೊಡ್ಡ ಧಣಿ ಈಗಿಲ್ಲ, ಚಿಕ್ಕ ಧಣಿ ಜಾಗ ಮಾರಿದ್ದಾಗಿದೆ. ತಿಂಗಳ ಕೊನೆಗೆ ಇಲ್ಲಿ ಗೋದಾಮು ಕಟ್ಟಲು ಶುರು. ರಾಟೆ ಗುಜರಿಗೆ. ಕನ್ನಡಿಗಳನ್ನು ಗುಜರಿಯವರೂ ಬೇಡವೆಂದರು, ಅವುಗಳನ್ನು ಇದ್ದಲ್ಲೇ ಒಡೆಯುತ್ತಾರಂತೆ. ಮತ್ಯಾಕೆ ಒರೆಸುತ್ತೀರಿ ಎಂದರೆ ನಗೆಯಕ್ಕ, "ಭಾನುವಾರ ಮಗಳು ಬರ್ತಾಳೆ" ಎನ್ನುತ್ತಾರೆ.

ಇದೇ ಊರಿನ ಇನ್ನೊಂದು ತುದಿಯಲ್ಲಿದ್ದಾಳೆ ಮಗಳು. ಮದುವೆಯಾಗಿದೆ, ಒಂದು ಮಗುವಿದೆ. ಮದುವೆಗೆ ಕರೆ ಬರಲಿಲ್ಲ, ಮಗು ಹುಟ್ಟಿದ್ದು ಬೇರೆಯವರಿಂದ ತಿಳಿಯಿತು. ಪಾರ್ಕು ಮುಚ್ಚುವ ಸುದ್ದಿ ಖಾತ್ರಿಯಾದ ದಿನ ನಗೆಯಕ್ಕ ಧೈರ್ಯ ಮಾಡಿ ಫೋನು ಹಚ್ಚಿದರು.

"ಒಂದೇ ಮಾತು ಹೇಳ್ದೆ. ಒಂದು ಸಲ ಬಂದು ಕನ್ನಡಿ ಮನೆಯಲ್ಲಿ ನಿಂತು ಕೇಳು, ನಿಮ್ಮಮ್ಮನ ಕೆಲಸ ಏನಾಗಿತ್ತು ಅಂತ ಗೊತ್ತಾಗ್ಲಿ. ಆವತ್ತು ಬಂದದ್ದು ನಗು ಅಲ್ಲ ಕಣೇ, ಅಳು ತನ್ನ ದಾರಿ ಮರೆತು ಈ ದಾರೀಲಿ ಬಂತು, ಅಷ್ಟೇ ಅಂತ. ಕನ್ನಡಿ ಒಡೆದ ಮೇಲೆ ನಾನು ಎಲ್ಲಿ ನಿಂತು ಇದನ್ನ ತೋರಿಸ್ಲಿ?"

ಬರುತ್ತೇನೆ ಎಂದಳಂತೆ ಮಗಳು.

ಭಾನುವಾರ ನಗೆಯಕ್ಕ ಕನ್ನಡಿಗಳನ್ನು ಎರಡೆರಡು ಸಲ ಒರೆಸುತ್ತಾರೆ. ಇಸ್ತ್ರಿ ಮಾಡಿದ ಬಟ್ಟೆ ಉಟ್ಟಿದ್ದಾರೆ. ರಾಟೆಯಣ್ಣ ಕೂಡ ಗಡ್ಡ ಬೋಳಿಸಿಕೊಂಡು ಬಂದಿದ್ದಾರೆ. ಹತ್ತರ ಬಿಸಿಲಿಗೆ ಕಂಕುಳಲ್ಲಿ ಮಗುವನ್ನೆತ್ತಿಕೊಂಡ ಮಗಳು ಗೇಟು ದಾಟಿ ಬಂದು, ಕಿಟಕಿಯ ಮುಂದೆ ನಿಂತು ಪರ್ಸು ತೆಗೆಯುತ್ತಾಳೆ. "ನಿಮಗ್ಯಾಕಮ್ಮ ಟಿಕೆಟ್ಟು" ಎಂದು ರಾಟೆಯಣ್ಣ ಕೈ ಅಡ್ಡ ಮಾಡಿದರೆ, "ಇರಲಿ, ಕೊಡಿ" ಎಂದು ತಲೆ ಎತ್ತದೆ ಹೇಳುತ್ತಾಳೆ.

ತಾಯಿ ಮಗಳು ಉದ್ದ ಕುತ್ತಿಗೆಯ ಕನ್ನಡಿಯ ಮುಂದೆ ಎದುರಾಗುತ್ತಾರೆ. ವಾರದಿಂದ ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದ ನಗೆಯಕ್ಕ, "ಸಣ್ಣಗಾಗಿದ್ದೀಯ" ಎನ್ನುತ್ತಾರೆ. ಮಗುವಿನ ಕೆನ್ನೆ ಮುಟ್ಟಲು ಚಾಚಿದ ಕೈಯನ್ನು ಒದ್ದೆಯಾಗಿದೆಯೆಂದು ತಾವೇ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಆಮೇಲೆ ಪರದೆಯ ಹಿಂದೆ ಹೋಗುತ್ತಾರೆ.

ಮೊದಲು ಒಂದು ಸಣ್ಣ ನಗು. ಮಗು ಕತ್ತೆತ್ತಿ ಸುತ್ತ ನೋಡುತ್ತದೆ. ಇನ್ನೊಂದು, ಸ್ವಲ್ಪ ದೊಡ್ಡದು. ಆಮೇಲೆ ಹೊಟ್ಟೆಯಿಂದ ಎದ್ದು ಹಲಗೆ ಗೋಡೆಗಳನ್ನೆಲ್ಲ ತುಂಬುವ ನಗು. ಮಗು ಪೀಪಾಯಿ ಕನ್ನಡಿಯಲ್ಲಿ ತನ್ನನ್ನೇ ಕಂಡು, ಆ ಸದ್ದಿಗೆ ಕಿಲಕಿಲನೆ ನಗತೊಡಗುತ್ತದೆ. ಅಜ್ಜಿಯೂ ಮೊಮ್ಮಗುವೂ ಒಬ್ಬರ ಮುಖ ಒಬ್ಬರಿಗೆ ಕಾಣದೆ ಒಟ್ಟಿಗೆ ನಗುತ್ತಾರೆ.

ಮಗಳು ಮಾತ್ರ ಗೋಡೆ ಹಿಡಿದುಕೊಂಡಿದ್ದಾಳೆ. "ಸಾಕು. ಅಮ್ಮ, ಸಾಕು ನಿಲ್ಸು."

ನಗೆಯಕ್ಕ ಪರದೆ ಸರಿಸಿ ಬರುತ್ತಾರೆ. "ಗೊತ್ತಾಯ್ತಾ?"

"ಗೊತ್ತಾಯ್ತು." ಮಗಳ ದನಿಯಲ್ಲಿ ಸಿಟ್ಟಿಲ್ಲ, ಬರೀ ದಣಿವು. "ನೀನು ಸುಳ್ಳು ಹೇಳ್ತಿಲ್ಲ ಅಂತ ನಂಗೆ ಮೊದಲೇ ಗೊತ್ತಿತ್ತು ಅಮ್ಮ. ತಲೆಗೆ ಎಲ್ಲ ಅರ್ಥ ಆಗುತ್ತೆ. ಕಿವಿಗೆ ಆಗಲ್ಲ. ಇದನ್ನ ಕೇಳಿದ ತಕ್ಷಣ ಅಪ್ಪ ಮಲಗಿರೋದೇ ಕಾಣುತ್ತೆ. ಒಂದು ದಿನ ಮರೆತು ಹೋಗಬಹುದು ಅಂತ ಕಾಯ್ತಾ ಇದ್ದೆ. ಇವತ್ತು ಮತ್ತೆ ಕೇಳಿಸ್ಬಿಟ್ಟೆ."

ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಾಳೆ. ಹೆಗಲ ಮೇಲಿಂದ ಮಗು ಇನ್ನೂ ಪರದೆಯ ಕಡೆಗೇ ನೋಡುತ್ತಿದೆ. ಬರ್ತೀನಿ ಎಂಬ ಮಾತು ಬರುತ್ತದೇನೋ ಎಂದು ನಗೆಯಕ್ಕ ಗೇಟಿನವರೆಗೂ ಕಣ್ಣಿಟ್ಟು ನೋಡುತ್ತಾರೆ. ಬರುವುದಿಲ್ಲ.

ಒಳಗೆ ಬಂದು ಸ್ಟೂಲಿನ ಮೇಲೆ ಕುಸಿಯುತ್ತಾರೆ. ಇಷ್ಟು ವರ್ಷ ಬಟ್ಟೆ ಒತ್ತಿ ತಡೆದದ್ದನ್ನು ಇವತ್ತು ತಡೆಯಲಾಗುವುದಿಲ್ಲ. ಭುಜಗಳು ಅದುರುತ್ತವೆ, ಎದೆಯ ಉಸಿರೆಲ್ಲ ಹೊರಗೆ ಹೋಗುತ್ತದೆ, ಕಣ್ಣೀರು ಗಲ್ಲದಿಂದ ತೊಟ್ಟಿಕ್ಕುತ್ತದೆ. ಬಾಯಿಂದ ಬರುವುದು ಮಾತ್ರ ನಗು. ಹೊಟ್ಟೆಯಿಂದ ಎದ್ದ, ದಾರಿಗೆಲ್ಲ ಕೇಳಿಸುವ, ನಿಲ್ಲದ ನಗು.

ಹೊರಗೆ, ರಾಟೆಯ ಫೋಟೋ ತೆಗೆದು ಕಾರಿನ ಕಡೆ ಹೊರಟಿದ್ದ ಒಂದು ಸಂಸಾರ ನಿಲ್ಲುತ್ತದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ನಗುತ್ತಾರೆ. ಬಾರೇ, ಒಂದು ಸಲ ನೋಡಿಯೇ ಹೋಗೋಣ ಎಂದು ಆತ ಟಿಕೆಟ್ ಕಿಟಕಿಗೆ ಬರುತ್ತಾನೆ. ಕಣ್ಣೊರೆಸಿಕೊಳ್ಳುತ್ತಲೇ ರಾಟೆಯಣ್ಣ ಟಿಕೆಟ್ ಹರಿದುಕೊಟ್ಟು, ಒಳಗೆ ತಲೆಹಾಕಿ, "ಅಕ್ಕ, ಜನ ಬಂದ್ರು" ಎನ್ನುತ್ತಾರೆ.

ನಗೆಯಕ್ಕ ಕನ್ನಡಿ ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಳ್ಳುತ್ತಾರೆ.

"ಕಳಿಸಿ," ಎನ್ನುತ್ತಾರೆ. ಪರದೆ ಎಳೆದುಕೊಳ್ಳುವ ಮುಂಚೆ ನಮ್ಮ ಕಡೆ ತಿರುಗುತ್ತಾರೆ. "ನಂಗೆ ದೊಡ್ಡ ಆಸೆ ಏನೂ ಇಲ್ಲ. ಸಾಯೋದ್ರೊಳಗೆ ಒಂದು ಸಲ, ಅವಳ ಮುಂದೆ, ಎಲ್ಲರ ಹಾಗೆ ಅಳೋಕೆ ಬಂದ್ರೆ ಸಾಕು."