ಮರಳುಗಾಡಿನ ದಕ್ಷಿಣದ ಬಾವಿ

ನಿಮ್ಮ ತಾತ ಹೈಸ್ಕೂಲಿನಲ್ಲಿ ಇತಿಹಾಸದ ಪಾಠ ಹೇಳುತ್ತಿದ್ದವರು. ತೊಂಬತ್ತರ ದಶಕದಲ್ಲಿ ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚು ಯುದ್ಧದ ಆಟ. ಬ್ರಿಟಿಷರ ಕಾಲದ ಒಂದು ಮರಳುಗಾಡು. ಊರು, ಕೋಟೆ, ಬಾವಿ ಎಲ್ಲ ತಾವೇ ಕಲ್ಪಿಸಿ ದೊಡ್ಡ ಕಾಗದದ ಮೇಲೆ ನಕ್ಷೆ ಬರೆದಿದ್ದರು. ಸೈನಿಕರು ಬಣ್ಣದ ಮಣ್ಣಿನ ಬೊಂಬೆಗಳು. ಆಡುವವರು ಇಬ್ಬರು. ಸಿದ್ಧಾರ್ಥನಗರದ ನಿವೃತ್ತ ರೈಲ್ವೆ ಗಾರ್ಡ್ ಬಿಳಿಯರ ಜನರಲ್. ಉದಯಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಮರಳುಗಾಡಿನ ಸರ್ದಾರ. ಇಬ್ಬರೂ ದಂಡು ಎತ್ತ ಹೊರಟಿತೆಂದು ತಮ್ಮ ಪಾತ್ರವಾಗಿಯೇ ಕಾಗದ ಬರೆಯಬೇಕು. ತಾತ ಓದಿ, ಯಾರ ದಂಡು ಎಲ್ಲಿಗೆ ಮುಟ್ಟಿತು, ಯಾರು ಸತ್ತರು ಎಂದು ತೀರ್ಪು ಬರೆಯುತ್ತಿದ್ದರು. ಕಾಗದದಲ್ಲಿ "ಎಲವೋ ಕೆಂಪು ಮೂತಿಯವನೇ" ಎಂದು ಬೈದ ಸರ್ದಾರರು, ಭಾನುವಾರ ನಮ್ಮ ಮನೆಗೆ ಬಂದಾಗ ಕಾಫಿ ಲೋಟವನ್ನು ಮೊದಲು ಜನರಲ್ ಸಾಹೇಬರಿಗೇ ದಾಟಿಸುತ್ತಿದ್ದರು.

ತಾತ ತೀರಿಕೊಂಡ ಮೇಲೆ ಆಟ ನಿಂತಿತು ಅಂದುಕೊಂಡೆ. ಇಬ್ಬರೂ ಬಂದು, ಇನ್ನು ನೀವೇ ತೀರ್ಪು ಹೇಳಿ ಎಂದರು. ಹಳ್ಳಿ ಶಾಲೆಯಲ್ಲಿ ಓದಿದ ನಾನು ಗಂಡಸರೆದುರು ನಿಂತು ಮಾತಾಡಿದವಳಲ್ಲ. ಆದರೆ ಕಾಗದದಲ್ಲಿ ಒಂಟೆ ನಡೆಸುವವನಾಗಿ, "ಸಾಹೇಬರೇ, ಗಾಳಿ ಎದ್ದಿದೆ, ಇವತ್ತು ಹೊರಡಬೇಡಿ" ಎಂದು ಬರೆಯಲು ನಾಚಿಕೆಯಾಗುತ್ತಿರಲಿಲ್ಲ. ಒಂದೆರಡು ವರ್ಷ ಹಾಗೆ ನಡೆಯಿತು. ಬರುಬರುತ್ತಾ ಸಾಕಾಯಿತು. ಮನೆಗೆಲಸ, ಮೊಣಕಾಲು ನೋವು, ಅದರ ಮೇಲೆ ಈ ಬೊಂಬೆಗಳಿಗೆ ನೀರು ಸಾಲುತ್ತದೋ ಇಲ್ಲವೋ ಎಂಬ ಯೋಚನೆ.

ಆಗ ಜನರಲ್ ಸಾಹೇಬರಿಗೆ ಉಳಿದಿದ್ದು ಒಂದೇ ದಂಡು. ಅದು ಹೋದರೆ ಆಟವೇ ಮುಗಿದಂತೆ. ಒಂಟಿಯಾಗಿದ್ದ ಅವರಿಗೆ ಭಾನುವಾರ ಹೋಗಲು ಬೇರೆ ಮನೆಯಿರಲಿಲ್ಲ. ದಂಡನ್ನು ದಕ್ಷಿಣದ ಬಾವಿಗೆ ನಡೆಸುವುದಾಗಿ ಬರೆದರು. ದಂಡಿನ ಬಳಿಯಿದ್ದ ನೀರು ಅಲ್ಲಿಯವರೆಗಷ್ಟೇ ಸಾಲುತ್ತಿತ್ತು. ನಾನು ತಾತನ ನಕ್ಷೆ ಬಿಚ್ಚಿದೆ. ಬಾವಿಗಳ ಗುರುತೆಲ್ಲ ಕೆಂಪು ಶಾಯಿಯ ಚುಕ್ಕೆ. ದಕ್ಷಿಣದಲ್ಲಿದ್ದದ್ದು ಮಾತ್ರ ಕುಂಕುಮ. ಕೊನೆಯ ಆಯುಧಪೂಜೆಯಲ್ಲಿ ಕತ್ತರಿ, ಸೈಕಲ್ಲಿನ ಜೊತೆಗೆ ತಾತ ನಕ್ಷೆಗೂ ಕುಂಕುಮ ಇಟ್ಟಿದ್ದರು. ಆಮೇಲೆ ನಕ್ಷೆಯ ನಕಲು ತೆಗೆದುಕೊಳ್ಳುವಾಗ ಸಾಹೇಬರು ಅದನ್ನೂ ಬಾವಿಯೆಂದೇ ಬರೆದುಕೊಂಡಿದ್ದರು.

ಭಾನುವಾರ ನಕ್ಷೆಯನ್ನು ಇಬ್ಬರ ಮುಂದಿಟ್ಟೆ. ಸರ್ದಾರರು ದಕ್ಷಿಣದ ಗುರುತನ್ನು ಬೆರಳಿಂದ ಉಜ್ಜಿ ನೋಡಿ ನಕ್ಕುಬಿಟ್ಟರು.

"ಏನ್ ಸಾಹೇಬ್ರೆ, ಕುಂಕುಮದಲ್ಲಿ ನೀರು ಸೇದೋಕೆ ಹೊರಟಿದ್ರಾ?"

ಸಾಹೇಬರು ನಗಲಿಲ್ಲ. ಸರ್ದಾರರ ನಗುವೂ ಇಳಿಯಿತು. "ಅಕ್ಕಾ, ಮೇಷ್ಟ್ರು ಇಟ್ಟಿದ್ದು ತಾನೆ? ಬಾವಿ ಅಂತ್ಲೇ ಮಾಡ್ಬುಡಿ. ನಂದೇನೂ ತಕರಾರಿಲ್ಲ."

"ನೀವ್ ಧರ್ಮಕ್ಕೆ ಕೊಡೋ ನೀರು ನಂಗ್ಬೇಡ ಕಣ್ರೀ," ಎಂದರು ಸಾಹೇಬರು. "ಅಮ್ಮಾ, ನೀವ್ ಹೇಳಿ. ನೀವ್ ಹೇಳಿದ್ದೇ ಸರಿ." ಹಾಗಂದರೂ ಅವರ ಕೈ ಬೊಂಬೆಗಳ ಮೇಲೆಯೇ ಇತ್ತು.

ಬರೆದು ಕೊಡುತ್ತೇನೆ ಎನ್ನೋಣವೆಂದರೆ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ತಾತ ಯಾರಿಗೂ ಇಲ್ಲದ ನೀರು ಕೊಟ್ಟವರಲ್ಲ. ನನಗೂ ದಣಿವಾಗಿತ್ತು. ಎರಡರಲ್ಲಿ ಯಾವುದು ನನ್ನ ಬಾಯಿಂದ ಹೇಳಿಸಿತೋ ಈಗಲೂ ತಿಳಿಯದು.

"ಅಲ್ಲಿ ನೀರಿಲ್ಲ," ಎಂದೆ.

ಸಾಹೇಬರು ಸೈನಿಕರನ್ನು ಒಬ್ಬೊಬ್ಬರನ್ನಾಗಿ ಅಡ್ಡ ಮಲಗಿಸತೊಡಗಿದರು. ಸರ್ದಾರರು ಕೈ ಚಾಚಿದಾಗ, "ಇರ್ಲಿ ಬುಡಿ, ನನ್ನೋರು," ಎಂದರು.

ಮುಂದಿನ ಭಾನುವಾರ ಊಟ ಮುಗಿಸಿ ಮಲಗಿದ್ದೆ. ಗೇಟಿನ ಸದ್ದಾಯಿತು. ಬಾಗಿಲಲ್ಲಿ ಸಾಹೇಬರು, ಚಪ್ಪಲಿ ಬಿಡದೆ ನಿಂತಿದ್ದರು.

"ದಂಡೇ ಇಲ್ವಲ್ಲಮ್ಮ. ಬರ್ಬೋದೋ ಬರ್ಬಾರ್ದೋ ಗೊತ್ತಾಗ್ಲಿಲ್ಲ."

ಕುರ್ಚಿ ತೋರಿಸಿ, ಒಳಗೆ ಹೋಗಿ ಕಾಫಿಗೆ ಹಾಲು ಕಾಯಲಿಟ್ಟೆ.