ಕನ್ನಡ ಓದಬಲ್ಲ ಇಬ್ಬರು ಸಾಕ್ಷಿಗಳು

ನನ್ನ ಅಪ್ಪ ಬ್ಯಾಂಕ್ ಮ್ಯಾನೇಜರು. ಧಾರವಾಡದಿಂದ ಹೊರಟು ಏಳೆಂಟು ಊರು ಸುತ್ತಿ, ವಿಜಯವಾಡಕ್ಕೆ ವರ್ಗವಾಗಿ ಬಂದು, ಅಲ್ಲೇ ನಿವೃತ್ತರಾಗಿ ಒಂದು ಮನೆ ಕಟ್ಟಿಸಿದರು. ಕೆಲಸದಲ್ಲಿದ್ದಾಗ ಮಂಗಳಗಿರಿಯಿಂದ ಬರುವ ನೇಕಾರರನ್ನು ಎದುರಿಗೆ ನಿಲ್ಲಿಸಿಕೊಂಡು, ನಾಮಿನಿ ಹೆಸರು ಬರೆಸದಿದ್ದರೆ ನಾಳೆ ನಿನ್ನ ಹೆಂಡತಿ ಅಲೆಯಬೇಕಾಗುತ್ತದೆ ಎಂದು ತೆಲುಗಿನಲ್ಲಿ ಗದರಿಸುತ್ತಿದ್ದ ಮನುಷ್ಯ. ಕೊನೆಗೆ ಅಲೆದದ್ದು ನನ್ನ ಅವ್ವ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಪ್ಪ ಮೃತ್ಯುಪತ್ರ ಬರೆಯಲಿಲ್ಲ ಎಂದಲ್ಲ. ಎಂಬತ್ತರ ದಶಕದ ಕೊನೆಯ ಒಂದು ಭಾನುವಾರ, ಒಂದೂ ಚಿತ್ತಿಲ್ಲದ ಕನ್ನಡದಲ್ಲಿ ಬರೆದರು. ಮನೆ ಪೂರ್ತಿ ಅವ್ವನಿಗೆ. ಅವಳ ನಂತರ ಅಣ್ಣನಿಗೂ ನನಗೂ ಸಮಪಾಲು. ಸಾಕ್ಷಿ ಸಹಿಗೆ ಇಬ್ಬರು ಬೇಕು. ಅದಕ್ಕೆಂದೇ ಬ್ಯಾಂಕಿನ ತಮ್ಮ ಹಳೆಯ ಸಹೋದ್ಯೋಗಿಗಳಲ್ಲಿ ಬಿಜಾಪುರದವರೊಬ್ಬರನ್ನೂ ಶಿವಮೊಗ್ಗದವರೊಬ್ಬರನ್ನೂ ಹೋಳಿಗೆ ಊಟಕ್ಕೆ ಕರೆದಿದ್ದರು. ನಾನು ಆಗಷ್ಟೇ ನೌಕಾಪಡೆಯವನನ್ನು ಮದುವೆಯಾಗಿ ವಿಶಾಖಪಟ್ಟಣ ಸೇರಿದ್ದೆ. ಅವತ್ತು ತವರಿಗೆ ಬಂದಿದ್ದೆ.

ಕಾಗದ ಮೇಜಿನ ಮೇಲಿದ್ದಾಗಲೇ ಎದುರುಮನೆಯ ಮೇಷ್ಟರು ಗೋಂಗುರ ಚಟ್ನಿಯ ಬಟ್ಟಲು ಹಿಡಿದು ಬಂದರು. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವರು.

"ವೀಲುನಾಮಾನಾ? ನೇನು ಸಂತಕಂ ಪೆಡತಾನಂಡಿ," ಎಂದರು. ಮೃತ್ಯುಪತ್ರವೇ, ನಾನು ಸಹಿ ಹಾಕುತ್ತೇನೆ ಎಂದು ಜೇಬಿನಿಂದ ಪೆನ್ನನ್ನೂ ತೆಗೆದರು.

ಅಪ್ಪ ನಯವಾಗಿ, ಇದು ಕನ್ನಡದಲ್ಲಿದೆ, ನಿಮಗೇಕೆ ತೊಂದರೆ ಎಂದರು. ಮೇಷ್ಟರು ಹೋದ ಮೇಲೆ ನಮ್ಮ ಕಡೆ ತಿರುಗಿ, "ಓದ್ಲಿಕ್ಕೇ ಬರದವರ ಸಹಿ ತಗೊಂಡು ಏನ್ ಮಾಡೂದು?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಬಟ್ಟಲು ಖಾಲಿ ಕೊಡಬಾರದೆಂದು ಎರಡು ಹೋಳಿಗೆ ಹಾಕಿ ನಾನೇ ಅವರ ಮನೆಗೆ ಕೊಟ್ಟು ಬಂದೆ.

ಆ ಇಬ್ಬರು ಸಾಕ್ಷಿಗಳೂ ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವವರು. ಜೀವಮಾನವಿಡೀ ಗಂಟುಮೂಟೆ ಕಟ್ಟಿದ ಅಪ್ಪನಿಗೆ ಅಷ್ಟೂ ಹೊಳೆಯಲಿಲ್ಲ. ಬಿಜಾಪುರದವರು ಪಂಜಾಬಿನ ಕಡೆ ಹೋದರು. ಶಿವಮೊಗ್ಗದವರು ಹೃದಯಾಘಾತದಲ್ಲಿ ತೀರಿಕೊಂಡರು. ಅಪ್ಪನೂ ಹೋದರು.

ಹದಿಮೂರು ದಿನ ಕಳೆದದ್ದೇ ಅಣ್ಣ, ಮನೆ ಮಾರೋಣ ಎಂದ. ಅವನಿಗೆ ಹುಬ್ಬಳ್ಳಿಯಲ್ಲಿ ಸ್ವಂತ ವರ್ಕ್‌ಶಾಪ್ ಹಾಕುವ ಆಸೆ. ಮೃತ್ಯುಪತ್ರ ತೋರಿಸಿದೆ.

"ಅಕ್ಷರ ಅಪ್ಪಂದs ಅದ, ನಾ ಎಲ್ಲಿ ಇಲ್ಲಂದೆ? ಸಾಕ್ಷಿ ಹಾಕಿದವರನ್ನ ಕರಕೊಂಡು ಬಾ, ಸುಮ್ಮನಾಗ್ತೀನಿ," ಎಂದ.

ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಅವ್ವನಿಗೆ ಆ ಮನೆ ಬೇಕಿತ್ತು. ಮೂವತ್ತು ವರ್ಷ ಬಾಡಿಗೆ ಮನೆಗಳಲ್ಲಿ, ಕ್ಯಾಲೆಂಡರ್ ತೂಗಹಾಕಲು ಒಂದು ಮೊಳೆ ಹೊಡೆಯಬೇಕಾದರೂ ಓನರ್ ಅಪ್ಪಣೆ ಕೇಳಿದವಳು ಅವಳು. ಈ ಮನೆಗೆ ಬಂದ ಮೊದಲ ದಿನವೇ ಸುತ್ತಿಗೆ ಹಿಡಿದು ಅಡುಗೆಮನೆಯಲ್ಲೇ ಒಂಬತ್ತು ಮೊಳೆ ಹೊಡೆದಿದ್ದಳು. ಮೃತ್ಯುಪತ್ರ ನಿಲ್ಲದಿದ್ದರೆ ಮನೆ ನಮ್ಮ ಮೂವರಿಗೂ ಸಮಪಾಲು. ನನ್ನ ಪಾಲು ಅವಳಿಗೇ ಇರಲಿ ಎಂದೆ. ಆದರೆ ಅಣ್ಣನ ಪಾಲಿನ ಬದಲಿಗೆ ಕೊಡಲು ಅವಳ ಕೈಯಲ್ಲಿ ಏನಿತ್ತು?

ವಕೀಲರು, ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಿದರೆ ಸುಲಭ, ಇಲ್ಲವಾದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತದೆ ಎಂದರು. ಬಿಜಾಪುರದವರನ್ನು ಹುಡುಕಿದೆ. ಬರೆದ ಪತ್ರಗಳು ವಿಳಾಸದಾರರಿಲ್ಲವೆಂದು ತಿರುಗಿ ಬಂದವು. ಅಪ್ಪ ದುಡಿದ ಬ್ಯಾಂಕಿನವರೇ, ನೌಕರರ ವಿಳಾಸ ಕೊಡುವಂತಿಲ್ಲ ಎಂದರು. ಆರು ತಿಂಗಳು ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ರೈಲಿನಲ್ಲಿ ಓಡಾಡಿ ನನ್ನ ಸೊಂಟ ಬಿದ್ದುಹೋಯಿತು.

ಒಂದು ದಿನ ವಕೀಲರು, ಅವತ್ತು ಸಾಕ್ಷಿ ಹಾಕಲು ಅದೇ ಊರಿನವರು ಯಾರೂ ಸಿಗಲಿಲ್ಲವೇ ಎಂದು ಕೇಳಿದರು. ಎದುರುಮನೆಯ ಮೇಷ್ಟರಿದ್ದರು, ಆದರೆ ಅವರಿಗೆ ಕನ್ನಡ ಓದಲು ಬರುವುದಿಲ್ಲ ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಸಾಕ್ಷಿ ಅದನ್ನು ಓದಬೇಕಾಗಿಯೇ ಇಲ್ಲ, ನಿಮ್ಮ ತಂದೆ ಸಹಿ ಹಾಕುವುದನ್ನು ಕಣ್ಣಾರೆ ನೋಡಿ ಕೆಳಗೆ ತನ್ನ ಸಹಿ ಹಾಕಿದ್ದರೆ ಸಾಕಿತ್ತು, ತೆಲುಗಿನಲ್ಲಿ ಹಾಕಿದ್ದರೂ ನಡೆಯುತ್ತಿತ್ತು ಎಂದರು.

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಹಿಗಳನ್ನೇ ನೋಡಿದ ಅಪ್ಪನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು ಎಂದೇ ನನ್ನ ಅನುಮಾನ. ಹೋಳಿಗೆ ತಿನ್ನುತ್ತ ಕನ್ನಡದಲ್ಲಿ ನಾಲ್ಕು ಮಾತಾಡುವ ಜನ ಬೇಕಿತ್ತು ಅವರಿಗೆ, ಅಷ್ಟೇ. ಪರಊರಲ್ಲಿ ನಮ್ಮವರು ಅಂದರೆ ನಾವೆಲ್ಲ ಹಾಗೇ ಕರಗುತ್ತೇವೆ. ಅವತ್ತು ನಾನಾದರೂ ನಗುವ ಬದಲು ಒಂದು ಮಾತು ಆಡಬಹುದಿತ್ತು.

ಕೋರ್ಟಿಗೆ ಹೋಗಿ ಮಗನ ಎದುರು ನಿಲ್ಲಲು ಅವ್ವ ಒಪ್ಪಲಿಲ್ಲ. ಮನೆ ಮಾರಿದೆವು. ಹೊರಡುವ ದಿನ ಮೇಷ್ಟರೇ ಅವ್ವನ ಟ್ರಂಕನ್ನು ಆಟೋಗೆ ಹೊತ್ತು ತಂದಿಟ್ಟರು. ನಡೆದದ್ದೆಲ್ಲ ಅವರಿಗೆ ಹೇಳಿದ್ದೆ.

"ನೇನು ಇಕ್ಕಡೇ ಉನ್ನಾನು ಕದಮ್ಮಾ," ಎಂದರು. ನಾನು ಇಲ್ಲೇ ಇದ್ದೆನಲ್ಲಮ್ಮ. ನನಗೆ ಅವರ ಮುಖ ನೋಡಲಾಗಲಿಲ್ಲ.

ವಿಶಾಖಪಟ್ಟಣದ ನಮ್ಮ ಕ್ವಾರ್ಟರ್ಸಿಗೆ ಬಂದ ಅವ್ವ ಟ್ರಂಕ್ ತೆರೆದು, ಚೌಕಟ್ಟು ಹಾಕಿಸಿದ ಅಪ್ಪನ ಫೋಟೋ ತೆಗೆದಳು. ಸೆರಗಿನಿಂದ ಗಾಜು ಒರೆಸಿದಳು. ಗೋಡೆಯ ಮೇಲೆ ಒಂದು ಜಾಗ ನೋಡಿಕೊಂಡು ನನ್ನ ಕಡೆ ತಿರುಗಿದಳು.

"ಇಲ್ಲೆ ಒಂದು ಮೊಳಿ ಹೊಡೀಬಹುದೇನವಾ? ಯಾರನ್ನ ಕೇಳಬೇಕು?"